ಗಾಳಿಯ ಲೆಕ್ಕ, ನೆಲದ ಲೆಕ್ಕ

ಇಪ್ಪತ್ತು ವರ್ಷಗಳ ಹಿಂದೆ ಕರ್ನಾಟಕದಲ್ಲಿ ಗಾಳಿಯಂತ್ರ ನೋಡಬೇಕೆಂದರೆ ಕತ್ತೆತ್ತಿ ಗುಡ್ಡದ ನೆತ್ತಿ ನೋಡಬೇಕಿತ್ತು. ಚಿತ್ರದುರ್ಗದ ಜೋಗಿಮಟ್ಟಿ ಸಾಲು, ಗದಗದ ಕಪ್ಪತಗುಡ್ಡ ಎಂದರೆ ನೆನಪಾಗುತ್ತಿದ್ದುದೇ ಬೆನ್ನಮೇಲೆ ಸಾಲಾಗಿ ನಿಂತ ಬಿಳಿ ಕಂಬಗಳು. ಈಗ ಅಂಥವೇ ಯಂತ್ರಗಳು, ಅದಕ್ಕಿಂತ ಎಷ್ಟೋ ದೊಡ್ಡವು, ಕೊಪ್ಪಳ, ಗದಗ, ವಿಜಯಪುರದ ಎರೆಹೊಲಗಳಲ್ಲಿ ಜೋಳ, ಕಡಲೆ, ಹತ್ತಿಯ ನಡುವೆ ನಿಂತಿವೆ. ಊರವರು ‘ಫ್ಯಾನು’ ಎಂದು ಕರೆಯುವ ಈ ಯಂತ್ರಗಳು ಗುಡ್ಡ ಇಳಿದು ಹೊಲಕ್ಕೆ ಬಂದದ್ದೇಕೆ?

ಗಾಳಿ ತನ್ನ ದಾರಿ ಬದಲಿಸಿಲ್ಲ. ಬದಲಾದದ್ದು ಕಂಬದ ಎತ್ತರ. ನೆಲಕ್ಕೆ ಹತ್ತಿರದಲ್ಲಿ ಗಿಡಮರ, ಮನೆ, ಬದುಗಳಿಗೆ ಉಜ್ಜಿ ಗಾಳಿ ನಿಧಾನವಾಗುತ್ತದೆ. ಮೇಲೆ ಹೋದಂತೆ ಅದರ ಓಟ ಸಲೀಸು. ಈ ಶತಮಾನದ ಆರಂಭದಲ್ಲಿ ಬಂದ ಯಂತ್ರಗಳ ಕಂಬಗಳು ಬಹುಪಾಲು 50ರಿಂದ 75 ಮೀಟರ್ ಎತ್ತರದವು. ಅವಕ್ಕೆ ಒಳ್ಳೆಯ ಗಾಳಿ ಸಿಗಬೇಕಾದರೆ ಗುಡ್ಡದ ನೆತ್ತಿಯೇ ಬೇಕಿತ್ತು. ಇಂದಿನ 3 ಮೆಗಾವಾಟ್ ಯಂತ್ರದ ಕಂಬವೇ 140 ಮೀಟರ್. ಅದರ ಒಂದೊಂದು ರೆಕ್ಕೆ ಸುಮಾರು 70 ಮೀಟರ್ ಉದ್ದ. ಮೂರು ರೆಕ್ಕೆಗಳು ಒಂದು ಸುತ್ತು ಹಾಕಿದರೆ ಆಕಾಶದಲ್ಲಿ ನಾಲ್ಕು ಎಕರೆಯಷ್ಟು ಗಾಳಿಯನ್ನು ಬಾಚುತ್ತವೆ. ಗುಡ್ಡ ಕೊಡುತ್ತಿದ್ದ ಎತ್ತರವನ್ನು ಉಕ್ಕಿನ ಕಂಬವೇ ಕೊಡುವಂತಾದ ಮೇಲೆ ಬಯಲೂ ಗಾಳಿಯ ಸೀಮೆಯಾಯಿತು. ಹಾಗಾಗಿ ಇವತ್ತು ಗದಗ, ಕುಷ್ಟಗಿ, ಹರಪನಹಳ್ಳಿ ಕಡೆಯ ರೈತನ ಮನೆ ಬಾಗಿಲಿಗೆ ಕಂಪನಿಯವರು ಬಂದು ಪಹಣಿ ಕೇಳುತ್ತಿದ್ದಾರೆ. ಅವರು ಬರುವ ಮುಂಚೆ ಏನೇನು ಅಳೆದಿರುತ್ತಾರೆ, ಏನನ್ನು ಅಳೆಯದೆ ಬಿಟ್ಟಿರುತ್ತಾರೆ ಎಂಬುದು ಆ ರೈತನಿಗೂ ಗೊತ್ತಿರಬೇಕು ಎಂಬ ಕಾಳಜಿಯಿಂದ ಈ ಬರಹ.

ಗಾಳಿಯ ವಿದ್ಯೆಯಲ್ಲಿ ಮೊದಲು ತಿಳಿಯಬೇಕಾದದ್ದು ಒಂದು ಗಣಿತ. ವೇಗ ಸೆಕೆಂಡಿಗೆ 5 ಮೀಟರ್ ಇದ್ದದ್ದು 6 ಮೀಟರ್ ಆದರೆ ಹೆಚ್ಚಿದ್ದು ಐದರಲ್ಲಿ ಒಂದು ಪಾಲು ಮಾತ್ರ. ಆದರೆ ಆ ಗಾಳಿಯಲ್ಲಿರುವ ಶಕ್ತಿ ಶೇ 73ರಷ್ಟು ಹೆಚ್ಚುತ್ತದೆ. ಶಕ್ತಿ ಬೆಳೆಯುವುದು ವೇಗದ ಘನದಷ್ಟು. ಅಂದರೆ ವೇಗವನ್ನು ಅದರಿಂದಲೇ ಎರಡು ಸಲ ಗುಣಿಸಿದಷ್ಟು. ಅಳತೆಯ ಉಪಕರಣ ವೇಗವನ್ನು ಶೇ 10ರಷ್ಟು ಹೆಚ್ಚು ತೋರಿಸಿತೆನ್ನಿ, ಶಕ್ತಿಯ ಲೆಕ್ಕ ಶೇ 33ರಷ್ಟು ಉಬ್ಬುತ್ತದೆ. ಯಂತ್ರ ತನ್ನ ಪೂರ್ಣ ಸಾಮರ್ಥ್ಯ ಮುಟ್ಟಿದ ಮೇಲೆ ಎಷ್ಟೇ ಗಾಳಿ ಬಂದರೂ ವಿದ್ಯುತ್ ಹೆಚ್ಚುವುದಿಲ್ಲವಾದ್ದರಿಂದ ವರ್ಷದ ಉತ್ಪಾದನೆಯಲ್ಲಿ ತಪ್ಪು ಅಷ್ಟು ದೊಡ್ಡದಾಗದು. ಆದರೂ ನೂರಾರು ಕೋಟಿ ಸಾಲ ಎತ್ತಿದ ಯೋಜನೆಯನ್ನು ಮುಳುಗಿಸಲು ಅಷ್ಟು ಸಾಕು.

ಸರಾಸರಿಯನ್ನೂ ನಂಬಿ ಕೂರುವಂತಿಲ್ಲ. ಒಂದು ಜಾಗದಲ್ಲಿ ವರ್ಷವಿಡೀ ಒಂದೇ ಸಮನೆ 6 ಮೀಟರ್ ವೇಗದ ಗಾಳಿ. ಇನ್ನೊಂದು ಜಾಗದಲ್ಲಿ ಅರ್ಧ ವರ್ಷ 3 ಮೀಟರ್, ಇನ್ನರ್ಧ ವರ್ಷ 9 ಮೀಟರ್. ಎರಡರ ಸರಾಸರಿಯೂ ಆರೇ. ಘನದ ಲೆಕ್ಕ ಹಾಕಿ ನೋಡಿದರೆ ಎರಡನೆಯ ಜಾಗದ ಗಾಳಿಯಲ್ಲಿ ಮುಕ್ಕಾಲು ಪಾಲು ಹೆಚ್ಚು ಶಕ್ತಿ ಇರುತ್ತದೆ. ನಮ್ಮ ನಾಡಿನ ಗಾಳಿ ಈ ಎರಡನೆಯ ಬಗೆಯದು. ಆಷಾಢದ ಗಾಳಿ ಎಂದರೆ ಹೆಂಚು ಹಾರಿಸುವ ಗಾಳಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮುಂಗಾರು ಘಟ್ಟ ಹತ್ತಿ, ಮಳೆಯನ್ನು ಅಲ್ಲೇ ಸುರಿದು, ಒಣ ಗಾಳಿಯಾಗಿ ಬಯಲುಸೀಮೆಗೆ ಇಳಿಯುತ್ತದೆ. ಮಳೆ ಕಡಿಮೆ, ಮರ ಕಡಿಮೆ, ಅಡೆತಡೆ ಕಡಿಮೆ. ಬರದ ತಾಲ್ಲೂಕುಗಳೇ ಗಾಳಿಯ ತಾಲ್ಲೂಕುಗಳೂ ಆಗಿರುವುದರ ಗುಟ್ಟು ಇದು. ವರ್ಷದ ಗಾಳಿ ವಿದ್ಯುತ್ತಿನ ದೊಡ್ಡ ಪಾಲು ಈ ನಾಲ್ಕೈದು ತಿಂಗಳಲ್ಲೇ ಬಂದುಬಿಡುತ್ತದೆ. ಚಿತ್ರದುರ್ಗದ ಗುಡ್ಡಸಾಲು ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿ ಮಲಗಿದೆ. ಪಶ್ಚಿಮದಿಂದ ಬರುವ ಗಾಳಿಗೆ ಅದು ಅಡ್ಡಲಾಗಿ ಸಿಗುತ್ತದೆ. ಅಡ್ಡ ಸಿಕ್ಕ ಗುಡ್ಡವನ್ನು ದಾಟುವಾಗ ಗಾಳಿ ನೆತ್ತಿಯ ಮೇಲೆ ಒತ್ತಿ ಹಾಯ್ದು ವೇಗ ಪಡೆಯುತ್ತದೆ. ಮೊದಲ ಯಂತ್ರಗಳು ಅಲ್ಲಿಗೆ ಹೋದದ್ದು ಈ ಕಾರಣಕ್ಕೆ.

ಭಾರತದ ಗಾಳಿಯನ್ನು ಹೀಗೆ ಶಕ್ತಿಯ ಕಣ್ಣಿನಿಂದ ಅಳೆಯುವ ಕೆಲಸಕ್ಕೂ ಬೆಂಗಳೂರಿಗೂ ಹತ್ತಿರದ ನಂಟಿದೆ. ಆ ನಂಟಿನ ಹೆಸರು ಅನ್ನಾ ಮಣಿ. ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಆಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಬೆಳಕಿನ ಮೇಲೆ ಸಂಶೋಧನೆ ಮಾಡಿದರು. ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಲಂಡನ್ನಿನಲ್ಲಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು ಬಂದು, 1948ರಲ್ಲಿ ಹವಾಮಾನ ಇಲಾಖೆ ಸೇರಿದರು. ಅದುವರೆಗೆ ಪರದೇಶದಿಂದ ತರಿಸುತ್ತಿದ್ದ ಉಪಕರಣಗಳು ಇಲ್ಲೇ ತಯಾರಾಗಲೆಂದು ನೂರರಷ್ಟು ಉಪಕರಣಗಳಿಗೆ ಪ್ರಮಾಣಿತ ನಕ್ಷೆ ಸಿದ್ಧಪಡಿಸಿದರು. 1976ರಲ್ಲಿ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ಮೇಲೆ ಮತ್ತೆ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಗಾಳಿಯ ವೇಗ, ಬಿಸಿಲಿನ ಪ್ರಮಾಣ ಅಳೆಯುವ ಉಪಕರಣ ಮಾಡುವ ಪುಟ್ಟ ಕಾರ್ಖಾನೆಯನ್ನೂ ಇದೇ ಊರಿನಲ್ಲಿ ನಡೆಸಿದರು.

ಹವಾಮಾನ ವೀಕ್ಷಣಾಲಯಗಳಲ್ಲಿ ಅದಾಗಲೇ ಇದ್ದ ಗಾಳಿಯ ದಾಖಲೆಗಳನ್ನು ಸೋಸಿ, ಡಿ.ಎ. ಮೂಲೆ ಅವರ ಜೊತೆ 1983ರಲ್ಲಿ ಅನ್ನಾ ಮಣಿ ಒಂದು ಸಂಪುಟ ಹೊರತಂದರು. ಆ ದಾಖಲೆಗಳ ಮಿತಿಯನ್ನು ಅವರಷ್ಟು ಬಲ್ಲವರು ಬೇರೆ ಇರಲಿಲ್ಲ. ವೀಕ್ಷಣಾಲಯಗಳು ಇದ್ದದ್ದು ಊರು, ವಿಮಾನ ನಿಲ್ದಾಣಗಳ ಬಳಿ. ಗಾಳಿ ಜೋರಾಗಿ ಬೀಸುವ ಜಾಗ ಹುಡುಕಿ ಅವನ್ನು ಕಟ್ಟಿದ್ದಲ್ಲ. ಆದ್ದರಿಂದಲೇ ಆಮೇಲಿನ ವರ್ಷಗಳಲ್ಲಿ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ಬೆಂಗಳೂರು ಘಟಕದ ಮೂಲಕ ದೇಶದ ಗಾಳಿ ಸೀಮೆಗಳಲ್ಲಿ 20–25 ಮೀಟರ್ ಎತ್ತರದ ಕಂಬ ನೆಟ್ಟು ಅಳೆಯುವ ಸಮೀಕ್ಷೆ ನಡೆಯಿತು. ಅದರ ವರದಿಗಳು ಸಂಪುಟಗಳಾಗಿ ಬಂದವು. 1998ರಲ್ಲಿ ಚೆನ್ನೈನಲ್ಲಿ ಶುರುವಾಗಿ ಈಗ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಎನಿಸಿಕೊಂಡಿರುವ ಕೇಂದ್ರ ಈ ಕೆಲಸವನ್ನು ಮುಂದುವರಿಸಿತು. ತಪ್ಪಾಗಿ ಅಳೆಯುವುದಕ್ಕಿಂತ ಅಳೆಯದೇ ಇರುವುದು ಮೇಲು ಎಂಬುದು ಅನ್ನಾ ಮಣಿಯವರು ಜೀವನವಿಡೀ ಹಿಡಿದ ಪಟ್ಟು. ಗಾಳಿಯ ಉದ್ಯಮದಲ್ಲಿರುವ ಪ್ರತಿಯೊಬ್ಬರ ಮೇಜಿನ ಮೇಲೂ ಅವರ ಚಿತ್ರ ಇರಬೇಕೆಂದು ನನಗೆ ಅನಿಸುತ್ತದೆ.

ಅಳೆಯುವ ಕಂಬವನ್ನು ಹತ್ತಿರದಿಂದ ನೋಡಿದವರು ಕಡಿಮೆ. ಹೊಲದ ಮಧ್ಯೆ ಕೆಂಪು–ಬಿಳಿ ಪಟ್ಟಿ ಬಳಿದ, ಮೊಬೈಲ್ ಟವರಿಗಿಂತ ಸಪೂರವಾದ, ನೂರು ಮೀಟರಿಗೂ ಮಿಕ್ಕಿದ ಕಂಬ. ಎಲ್ಲ ದಿಕ್ಕಿಗೂ ಉಕ್ಕಿನ ಹಗ್ಗ ಎಳೆದು ನೆಲಕ್ಕೆ ಬಿಗಿದಿರುತ್ತಾರೆ. ಅಲ್ಲಲ್ಲಿ ಬೇರೆಬೇರೆ ಎತ್ತರದಲ್ಲಿ ಕಂಬದಿಂದ ಹೊರಕ್ಕೆ ಚಾಚಿದ ತೋಳುಗಳು. ತೋಳಿನ ತುದಿಯಲ್ಲಿ ಮೂರು ಬಟ್ಟಲುಗಳ ಪುಟ್ಟ ಚಕ್ರ ಸುತ್ತುತ್ತದೆ. ಅದೇ ಅನಿಮೋಮೀಟರ್. ಪಕ್ಕದಲ್ಲಿ ದಿಕ್ಕು ತೋರಿಸುವ ಬಾಲದ ಸೂಚಿ. ಕೆಳಗೆ ಬೀಗ ಹಾಕಿದ ಪೆಟ್ಟಿಗೆಯೊಳಗೆ ದತ್ತಾಂಶ ದಾಖಲಿಸುವ ಲಾಗರ್, ಅದಕ್ಕೊಂದು ಸೋಲಾರ್ ಫಲಕ, ಒಂದು ಸಿಮ್ ಕಾರ್ಡ್. ಪ್ರತಿ ಹತ್ತು ನಿಮಿಷದ ಸರಾಸರಿ ಒಂದು ಸಾಲಾಗಿ ದಾಖಲಾಗುತ್ತದೆ. ದಿನಕ್ಕೆ 144 ಸಾಲು, ವರ್ಷಕ್ಕೆ 52,560.

ಈ ಸಾಲುಗಳನ್ನು ಹಾಗೆಹಾಗೇ ನಂಬುವಂತಿಲ್ಲ. ಗಾಳಿ ಕಂಬದ ಹಿಂಬದಿಯಿಂದ ಬಂದರೆ ಕಂಬವೇ ಅಡ್ಡವಾಗಿ ಬಟ್ಟಲುಗಳು ನಿಧಾನ ತಿರುಗುತ್ತವೆ; ಅದಕ್ಕೇ ಒಂದೇ ಎತ್ತರದಲ್ಲಿ ಎರಡು ಕಡೆ ಎರಡು ಅನಿಮೋಮೀಟರ್ ಇಡುತ್ತಾರೆ. ಧೂಳು ಹೊಕ್ಕು, ಬೇರಿಂಗ್ ಸವೆದರೆ ಚಕ್ರ ತಿಂಗಳಿಂದ ತಿಂಗಳಿಗೆ ಸ್ವಲ್ಪಸ್ವಲ್ಪವೇ ಕಡಿಮೆ ತೋರಿಸುತ್ತ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ದಿಕ್ಕಿನ ಸೂಚಿಯ ಉತ್ತರ ಗುರುತನ್ನು ಕೂರಿಸುವಾಗ ಹತ್ತು ಡಿಗ್ರಿ ತಪ್ಪಿದರೆ ಇಡೀ ವರ್ಷದ ದಿಕ್ಕೆಲ್ಲ ಹತ್ತು ಡಿಗ್ರಿ ತಪ್ಪು. ಹಾಗಾಗಿ ಉಪಕರಣವನ್ನು ಗಾಳಿ ಸುರಂಗದಲ್ಲಿ ಪರೀಕ್ಷಿಸಿ ಮೇಲೇರಿಸಬೇಕು, ಇಳಿಸಿದ ಮೇಲೂ ಪರೀಕ್ಷಿಸುವುದು ಒಳ್ಳೆಯದು. ಕಂಬವಿಲ್ಲದೆ ಲೇಸರ್ ಕಿರಣದಿಂದಲೇ ಎತ್ತರದ ಗಾಳಿ ಅಳೆಯುವ ಲೈಡಾರ್ ಪೆಟ್ಟಿಗೆಗಳೂ ಈಗ ಬಂದಿವೆ. ಬಯಲಿನಲ್ಲಿ ಅವು ನಂಬಿಗಸ್ಥ, ಏರುತಗ್ಗಿನ ಗುಡ್ಡದಲ್ಲಿ ಲೆಕ್ಕ ತಿದ್ದಬೇಕಾಗುತ್ತದೆ.

ಎತ್ತರದ ವಿಷಯದಲ್ಲಿ ಅಂದಾಜು ಎಷ್ಟು ಅಪಾಯಕಾರಿ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. 50 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 5.5 ಮೀಟರ್ ವೇಗ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಅಲ್ಲಿಂದ 140 ಮೀಟರ್‌ಗೆ ಸೂತ್ರ ಹಾಕಿ ಏರಿಸಬೇಕು. ನೆಲ ನುಣುಪು ಎಂದು ಭಾವಿಸಿದರೆ 6.35 ಬರುತ್ತದೆ, ನೆಲ ಸ್ವಲ್ಪ ಒರಟು ಎಂದುಕೊಂಡರೆ 6.76. ಎರಡರ ನಡುವೆ ಶಕ್ತಿಯ ವ್ಯತ್ಯಾಸ ಶೇ 20. ಜೂನ್‌ನಲ್ಲಿ ಬೋಳಾಗಿದ್ದ ಹೊಲ ಆಗಸ್ಟ್‌ನಲ್ಲಿ ಆಳೆತ್ತರದ ಮೆಕ್ಕೆಜೋಳವಾದರೆ ನೆಲದ ಒರಟುತನವೂ ಬದಲಾಗುತ್ತದೆ. ಗುಡ್ಡದ ನೆತ್ತಿಯಲ್ಲಂತೂ ಮೇಲೆ ಹೋದಂತೆ ವೇಗ ಏರದೇ ಇರುವುದೂ ಉಂಟು. ಯಂತ್ರದ ಗುಂಬದಷ್ಟೇ, ಅಂದರೆ ರೆಕ್ಕೆಗಳು ಕೂಡುವ ನಡುಭಾಗದಷ್ಟೇ, ಎತ್ತರದಲ್ಲಿ ಅಳೆಯುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದ ಗುಡ್ಡದಲ್ಲಿ ಗಾಳಿಯ ಸಾಂದ್ರತೆಯೂ ಪ್ರಮಾಣಿತ ಲೆಕ್ಕಕ್ಕಿಂತ ಶೇ 10ಕ್ಕೂ ಹೆಚ್ಚು ಕಡಿಮೆ. ಅಷ್ಟು ಶಕ್ತಿಯೂ ಖೋತಾ.

ಅಳತೆ ಕನಿಷ್ಠ ಒಂದು ವರ್ಷ, ಒಂದೂ ಋತು ಬಿಡದೆ ನಡೆಯಬೇಕು. ಆ ಒಂದು ವರ್ಷವೇ ಮುಂಗಾರು ಕೈಕೊಟ್ಟ ವರ್ಷವಾಗಿದ್ದರೆ? ಅಥವಾ ಎಂದಿಗಿಂತ ಜೋರಾಗಿ ಬೀಸಿದ ವರ್ಷವಾಗಿದ್ದರೆ? ಆಗ ಯುರೋಪಿನ ಹವಾಮಾನ ಕೇಂದ್ರದ ಇಆರ್‌ಎ–5, ಅಮೆರಿಕದ ನಾಸಾದ ಮೆರ್ರಾ–2 ಎಂಬ ಜಾಗತಿಕ ದತ್ತಾಂಶಗಳ ಮೊರೆ ಹೋಗುತ್ತಾರೆ. ಹಲವು ದಶಕಗಳ ಗಾಳಿಯನ್ನು ಗಂಟೆಗಂಟೆಗೆ ಕಟ್ಟಿಕೊಡುವ ಇವುಗಳ ಜೊತೆ ನಮ್ಮ ಕಂಬದ ಒಂದು ವರ್ಷವನ್ನು ತಾಳೆ ನೋಡಿ, ಇಪ್ಪತ್ತು ವರ್ಷದ ಅಂದಾಜು ಮಾಡುತ್ತಾರೆ. ಕೊನೆಗೆ ಬರುವುದು ಒಂದೇ ಅಂಕಿ ಅಲ್ಲ. ‘ಪಿ–50’ ಎಂದರೆ ಉತ್ಪಾದನೆ ಅದಕ್ಕಿಂತ ಮೇಲೆ ಹೋಗುವ ಸಾಧ್ಯತೆ ಅರ್ಧ, ಕೆಳಗಿಳಿಯುವ ಸಾಧ್ಯತೆ ಅರ್ಧ. ‘ಪಿ–90’ ಎಂದರೆ ಹತ್ತರಲ್ಲಿ ಒಂಬತ್ತು ಪಾಲು ಖಾತ್ರಿಯಿಂದ ಸಿಗುವಷ್ಟು. ಸಾಲ ಕೊಡುವ ಬ್ಯಾಂಕು ನೋಡುವುದು ಎರಡನೆಯದನ್ನು. ಅಳತೆ ಸರಿಯಿಲ್ಲದಷ್ಟೂ ಈ ಎರಡು ಅಂಕಿಗಳ ನಡುವಿನ ಅಂತರ ಹಿಗ್ಗುತ್ತದೆ, ಸಾಲ ಕುಗ್ಗುತ್ತದೆ. ಗಾಳಿಯ ಅಳತೆಗೆ ಕಂಪನಿಗಳು ಇಷ್ಟು ನಿಷ್ಠೆ ತೋರಿಸುವುದಕ್ಕೆ ಈ ಹಣದ ಶಿಸ್ತೇ ಕಾರಣ, ಮತ್ತು ಅದು ಒಳ್ಳೆಯ ಶಿಸ್ತು.

ಈಗ ದೊಡ್ಡ ಅಂಕಿಗಳನ್ನು ನೋಡಿ. ದೇಶದ ಗಾಳಿಯ ಸಾಮರ್ಥ್ಯ 50 ಮೀಟರ್ ಎತ್ತರದಲ್ಲಿ 49 ಗಿಗಾವಾಟ್ ಎಂದು ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಒಮ್ಮೆ ಅಂದಾಜಿಸಿತ್ತು. 80 ಮೀಟರ್‌ನಲ್ಲಿ ಅದು 103 ಆಯಿತು. 100 ಮೀಟರ್‌ಗೆ 302, 120 ಮೀಟರ್‌ಗೆ 695, 150 ಮೀಟರ್‌ಗೆ 1,164. ಕರ್ನಾಟಕದ ಪಾಲು 100 ಮೀಟರ್‌ಗೆ ಸುಮಾರು 56 ಗಿಗಾವಾಟ್ ಇದ್ದದ್ದು 150 ಮೀಟರ್‌ಗೆ 169ಕ್ಕೆ ಏರಿದೆ. ಈ ಜಿಗಿತಕ್ಕೆ ಎತ್ತರ ಒಂದು ಕಾರಣ. ಇನ್ನೊಂದು ಕಾರಣ ನೆಲದ ಬಗ್ಗೆ ಇಟ್ಟುಕೊಂಡ ಎಣಿಕೆ. ಈಚಿನ ನಕ್ಷೆಗಳಲ್ಲಿ ಬಂಜರು ಎಂದು ಗುರುತಿಸಿದ ನೆಲದ ಶೇ 80, ಸಾಗುವಳಿ ನೆಲದ ಶೇ 30, ಕಾಡಿನ ಶೇ 5 ಭಾಗ ಗಾಳಿಯಂತ್ರಕ್ಕೆ ಸಿಗಬಹುದು ಎಂದು ಭಾವಿಸಿ ಗುಣಿಸಿದ್ದಾರೆ. ಗಾಳಿಯ ವೇಗದಲ್ಲಿ ದಶಮಾಂಶದವರೆಗೆ ಹೋಗುವ ವಿದ್ಯೆ ನೆಲಕ್ಕೆ ಬಂದಾಗ ಮೂರು ಸ್ಥೂಲ ಅಂಕಿಗಳಲ್ಲಿ ಮುಗಿದುಬಿಡುತ್ತದೆ. ದೇಶವ್ಯಾಪಿ ನಕ್ಷೆಗೆ ಇದು ಅನಿವಾರ್ಯ ಇರಬಹುದು. ಆದರೆ ಅದೇ ನೋಟ ತಾಲ್ಲೂಕಿನವರೆಗೂ ಇಳಿದು ಬಂದರೆ ನನ್ನ ತಕರಾರಿದೆ.

ಬಂಜರಿನ ಲೆಕ್ಕಕ್ಕೆ ಸೇರುವ ನೆಲ ನಮ್ಮ ಬಯಲುಸೀಮೆಯಲ್ಲಿ ಖಾಲಿ ಬಿದ್ದಿಲ್ಲ. ಅಲ್ಲಿ ಗೋಮಾಳವಿದೆ, ಕಾವಲು ಇದೆ, ಕುರಿಗಾಹಿಗಳು ವರ್ಷಕ್ಕೊಮ್ಮೆ ಮಂದೆಯೊಡನೆ ಹಾಯುವ ದಾರಿಯಿದೆ. ತೋಳ, ಕೃಷ್ಣಮೃಗ, ನರಿ ಬದುಕಿರುವುದು ಇಂಥ ಹುಲ್ಲುಗಾವಲಿನಲ್ಲಿ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆ ಕಾಣಿಸಿಕೊಂಡಿರುವ ಎರ್ಲಡ್ಡು, ಅಂದರೆ ದೊರೆವಾಯನ ಹಕ್ಕಿ, ಅಳಿವಿನ ಅಂಚಿನಲ್ಲಿದೆ. ಮೈ ಭಾರದ ಈ ಹಕ್ಕಿಗೆ ಎದುರಿನ ತಂತಿ ಕಂಡು ತಿರುಗುವಷ್ಟು ಚುರುಕಿಲ್ಲ. ವಿದ್ಯುತ್ ಮಾರ್ಗಕ್ಕೆ ಬಡಿದು ಅವು ಸಾಯುವ ಪ್ರಕರಣ ರಾಜಸ್ಥಾನ, ಗುಜರಾತಿನಿಂದ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಹಕ್ಕಿಗೆ ಯಂತ್ರದ ರೆಕ್ಕೆ ಬಡಿಯುವುದಷ್ಟೇ ಹಾನಿಯಲ್ಲ ಎಂಬುದನ್ನು ತೋರಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು. ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆಸಿ, 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಗಾಳಿಯಂತ್ರಗಳಿರುವ ಜಾಗವನ್ನೂ ಇಲ್ಲದ ಜಾಗವನ್ನೂ ಹೋಲಿಸಿದರು. ಯಂತ್ರಗಳಿಲ್ಲದ ಕಡೆ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಹೆಚ್ಚು. ಯಂತ್ರಗಳಿರುವಲ್ಲಿ ಹದ್ದು, ಗಿಡುಗಗಳು ಕಡಿಮೆಯಾಗಿ, ಅವು ತಿನ್ನುತ್ತಿದ್ದ ಬೀಸಣಿಗೆ ಗಂಟಲಿನ ಓತಿಗಳು ಹೆಚ್ಚಿದ್ದವು. ಆ ಓತಿಗಳ ರಕ್ತದಲ್ಲಿ ಒತ್ತಡದ ಹಾರ್ಮೋನ್ ಕಡಿಮೆ, ಮನುಷ್ಯ ಹತ್ತಿರ ಬಂದರೂ ಅವು ಬೇಗ ಓಡುತ್ತಿರಲಿಲ್ಲ. ಮೇಲಿನ ಬೇಟೆಗಾರ ಹೋದರೆ ಕೆಳಗಿನ ಬದುಕೆಲ್ಲ ಬೇರೆಯಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಘಟ್ಟದಲ್ಲೇ ಸಿಕ್ಕ ಸಾಕ್ಷಿ ಇದು. ಇಂಥ ಅಧ್ಯಯನವನ್ನು ಯಂತ್ರ ನೆಟ್ಟ ಮೇಲಲ್ಲ, ನೆಡುವ ಮುಂಚೆ, ಗಾಳಿಯ ಕಂಬ ನಿಂತಿರುವ ಅದೇ ವರ್ಷದಲ್ಲಿ ನಡೆಸಬಹುದು. ನಡೆಸುವಂತೆ ಮಾಡುವ ಕಾನೂನು ಮಾತ್ರ ಇಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಯೋಜನೆಗಳು ಸೇರಿಲ್ಲ. ಹಾಗಾಗಿ ಪರಿಸರ ವರದಿಯೂ ಬೇಕಿಲ್ಲ, ಸಾರ್ವಜನಿಕ ಅಹವಾಲೂ ಬೇಕಿಲ್ಲ. ಅರಣ್ಯ ಭೂಮಿಯಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅಷ್ಟೆ. ಔಷಧಿ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡದ 244 ಚದರ ಕಿ.ಮೀ. 2019ರಲ್ಲಿ ವನ್ಯಜೀವಿಧಾಮವಾಯಿತು. ಅಷ್ಟರೊಳಗೆ ಆ ಗುಡ್ಡದ ಬೆನ್ನಮೇಲೆ ಯಂತ್ರಗಳೂ ಅವುಗಳಿಗೆ ಕಡಿದ ರಸ್ತೆಗಳೂ ಬಂದಾಗಿತ್ತು.

ಇನ್ನು ಯಂತ್ರ ಎಲ್ಲಿ ನಿಲ್ಲಬೇಕೆಂಬ ಕೊನೆಯ ಹಂತದ ಲೆಕ್ಕ. ಒಂದು ಯಂತ್ರ ಹೀರಿದ ಗಾಳಿ ಹಿಂದೆ ಸುಸ್ತಾಗಿ, ಕಲಕಿಹೋಗಿ ಹೊರಬರುತ್ತದೆ. ಅದು ಚೇತರಿಸಿಕೊಳ್ಳಲು ಮುಖ್ಯ ಗಾಳಿಯ ದಿಕ್ಕಿನಲ್ಲಿ ರೆಕ್ಕೆಚಕ್ರದ ವ್ಯಾಸದ ಏಳು ಪಟ್ಟು, ಅಡ್ಡಕ್ಕೆ ಐದು ಪಟ್ಟು ಜಾಗ ಬಿಡುವುದು ರೂಢಿ. 144 ಮೀಟರ್ ವ್ಯಾಸದ ಯಂತ್ರಕ್ಕೆ ಇದು ಒಂದು ಕಿಲೊಮೀಟರ್ ಮತ್ತು ಮುಕ್ಕಾಲು ಕಿಲೊಮೀಟರ್. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ವಾಸದ ಮನೆಯಿಂದ 500 ಮೀಟರ್ ದೂರ ಇರಬೇಕೆನ್ನುತ್ತದೆ. ಊರಿನ ಮನೆಗಳನ್ನು ನಕ್ಷೆಯಲ್ಲಿ ಗುರುತಿಸುವುದು ಸುಲಭ. ಹೊಲದ ನಡುವಿನ ತೋಟದ ಮನೆ, ಕುರಿಹಟ್ಟಿ ಉಪಗ್ರಹ ಚಿತ್ರದಲ್ಲಿ ಕಾಣದೇ ಹೋಗಬಹುದು. ಅಲ್ಲಿ ಮಲಗುವವರ ಕಿವಿಗೂ ಅದೇ ಸದ್ದು ಬೀಳುತ್ತದೆ. 70 ಮೀಟರ್ ಉದ್ದದ ರೆಕ್ಕೆ ಹೊತ್ತ ಲಾರಿ ಹಳ್ಳಿಯ ತಿರುವು ದಾಟಬೇಕಾದರೆ ಬೇಲಿ, ಮರ, ಕೆಲವೊಮ್ಮೆ ವಿದ್ಯುತ್ ತಂತಿಯನ್ನೂ ತೆಗೆಯಬೇಕು. ಯಂತ್ರ ಒಬ್ಬನ ಹೊಲದಲ್ಲಿ, ರಸ್ತೆ ನಾಲ್ವರ ಹೊಲದಲ್ಲಿ, ಸಬ್‌ಸ್ಟೇಷನ್ನಿಗೆ ಹೋಗುವ ತಂತಿ ನಲವತ್ತು ಜನರ ಹೊಲದ ಮೇಲೆ. ಬಾಡಿಗೆ ಸಿಗುವುದು ಮೊದಲನೆಯವನಿಗೆ.

ಗಾಳಿ ಅಳೆಯುವ ಖಾಸಗಿ ಕಂಬಗಳ ದತ್ತಾಂಶ ಕಂಪನಿಗಳ ಸ್ವತ್ತು, ಅದು ಊರಿಗೆ ಸಿಗುವುದಿಲ್ಲ. ಆದರೂ ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಕೇಳಬಹುದಾದ ಪ್ರಶ್ನೆಗಳಿವೆ. ಅಳತೆಯ ಕಂಬ ನನ್ನ ಹೊಲದಿಂದ ಎಷ್ಟು ದೂರ, ಎಷ್ಟು ತಿಂಗಳು ನಿಂತಿತ್ತು? ರಸ್ತೆ, ತಂತಿ ಯಾರ ಯಾರ ಹೊಲದಲ್ಲಿ ಹಾಯುತ್ತವೆ, ಅವರಿಗೇನು? ಇಪ್ಪತ್ತೈದು ವರ್ಷದ ನಂತರ ಯಂತ್ರ ಬಿಚ್ಚಿದಾಗ ನೆಲದೊಳಗಿನ ನೂರಾರು ಘನ ಮೀಟರ್ ಕಾಂಕ್ರೀಟ್ ಬುನಾದಿ ತೆಗೆಯುವವರು ಯಾರು, ಆ ಖರ್ಚು ಯಾರದು? ಬಾಯಿಮಾತಿನ ಉತ್ತರ ಸಾಲದು, ಪತ್ರದಲ್ಲಿ ಬರೆಸಿಕೊಳ್ಳಬೇಕು. ಗ್ರಾಮ ಪಂಚಾಯಿತಿ ಈ ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಇಟ್ಟರೆ ಒಬ್ಬೊಬ್ಬ ರೈತ ಒಂಟಿಯಾಗಿ ಕೇಳುವುದು ತಪ್ಪುತ್ತದೆ.

ಗಾಳಿ ವಿದ್ಯುತ್ ಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಸೋಲಾರ್ ಕೈಬಿಡುವ ಮುಂಗಾರಿನ ಮೋಡದ ದಿನಗಳಲ್ಲಿ, ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ರಾಜ್ಯದ ಜಾಲವನ್ನು ಹಿಡಿದು ನಿಲ್ಲಿಸಲು ಅದು ಬೇಕೇ ಬೇಕು. ಹೊಸ ಹುಲ್ಲುಗಾವಲು ಹುಡುಕುವ ಮುಂಚೆ ಸರ್ಕಾರ ಒಮ್ಮೆ ಚಿತ್ರದುರ್ಗದ ಕಡೆ ತಿರುಗಿ ನೋಡಲಿ. ಅಲ್ಲಿನ ಹಳೆಯ ಯಂತ್ರಗಳಿಗೆ ವಯಸ್ಸಾಗುತ್ತಿದೆ. ರಾಜ್ಯದ ಒಳ್ಳೆಯ ಗಾಳಿ ಬೀಸುವ ನೆತ್ತಿಗಳ ಮೇಲೆ ಒಂದು ಮೆಗಾವಾಟ್ ಕೂಡ ಇಲ್ಲದ ಯಂತ್ರಗಳು ನಿಂತಿವೆ. 2 ಮೆಗಾವಾಟಿಗಿಂತ ಚಿಕ್ಕ ಯಂತ್ರಗಳನ್ನು ಬದಲಿಸಿದರೆ ದೇಶದಲ್ಲಿ 25 ಗಿಗಾವಾಟ್ ಸಾಮರ್ಥ್ಯ ಸಿಗಬಹುದೆಂದು ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಅಂದಾಜಿಸಿದೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಇದಕ್ಕೊಂದು ನೀತಿಯನ್ನೂ ತಂದಿತು. ಹಳೆಯ ಜಾಗಗಳಲ್ಲಿ ರಸ್ತೆ ಇದೆ, ತಂತಿ ಇದೆ, ಇಪ್ಪತ್ತು ವರ್ಷ ದಿನದಿನವೂ ಬರೆದಿಟ್ಟ ಉತ್ಪಾದನೆಯ ದಾಖಲೆ ಇದೆ. ಯಾವ ಅಳತೆಯ ಕಂಬವೂ ಕೊಡಲಾರದ ದಾಖಲೆ ಅದು. ತೊಡಕು ಮಾಲೀಕತ್ವದ್ದು. ನಾಲ್ಕು ಹಳೆಯ ಯಂತ್ರ ಕಿತ್ತು ಒಂದು ಹೊಸದು ನಿಲ್ಲಿಸಬೇಕು. ಆ ನಾಲ್ಕಕ್ಕೆ ನಾಲ್ವರು ಒಡೆಯರು, ನಾಲ್ಕು ವಿದ್ಯುತ್ ಖರೀದಿ ಒಪ್ಪಂದ, ಕೆಲವೆಡೆ ಅರಣ್ಯ ಭೂಮಿಯ ಗುತ್ತಿಗೆ. ಇವರೆಲ್ಲರನ್ನು ಒಂದು ಮೇಜಿನ ಸುತ್ತ ಕೂರಿಸಿ ಪಾಲು ಗೊತ್ತುಮಾಡುವ ಕೆಲಸವನ್ನು ಇಂಧನ ಇಲಾಖೆಯೇ ಮುಂದೆ ನಿಂತು ಮಾಡಬೇಕು, ಗುತ್ತಿಗೆಗಳ ಅವಧಿ ಮುಗಿಯುವ ಮುಂಚೆ.